ಇಟ್ಟಿಗೆಯ ಮಾತು ನಾನು ಎತ್ತಲಿಲ್ಲ

ಬ್ಲಫ್ ಬಂದರಿಗೆ ಬೆನ್ನು ಹಾಕಿ ಕೂತಿದೆ
ನಮ್ಮ ಶಿಶುಕೇಂದ್ರ.
ದಕ್ಷಿಣದ ಗಾಳಿ ಇಲ್ಲಿ ಬಾಗಿಲು ತಟ್ಟುವುದಿಲ್ಲ,
ಮನೆಯವರ ಹಾಗೆ ನೇರ ಒಳಗೆ.
ಗೂಟಕ್ಕೆ ತೂಗಿದ ಹದಿನೇಳು ಮಳೆಕೋಟು
ಯಾರೂ ತೊಡದೆಯೇ ಕುಣಿಯುತ್ತವೆ.

ಸಂಜೆ. ಫಾರಂ ತೆರೆದು ಕೂತಿದ್ದೇನೆ.
ಹೆಸರು: ಇಹಾಯ.
ವಯಸ್ಸು: ನಾಲ್ಕು ವರ್ಷ, ಮುನ್ನೂರ ಅರವತ್ತೊಂದು ದಿನ.
ಮಂಗಳವಾರಕ್ಕೆ ಐದು ತುಂಬುತ್ತದೆ,
ತುಂಬಿದ್ದೇ ತಡ, ದೊಡ್ಡ ಶಾಲೆ.
‘ಇಂದು ಏನು ಕಲಿತ?’
ಕೆಳಗೆ ಗೆರೆ ಎಳೆದು ಬಿಟ್ಟ ಜಾಗ, ಮೂರು ಸಾಲು.

ಮೂರು ಸಾಲಿಗೆ ಹೇಗೆ ಹಿಡಿಸಲಿ
ಮರಳುಗುಂಡಿಯ ನಲ್ಲಿಯಿಂದ ಸಮುದ್ರದ ತನಕ,
ಅಂದರೆ ಹಳೇ ಟೈರಿನೊಳಗಿನ ತಗ್ಗಿನ ತನಕ,
ನೀರು ಒಯ್ಯುವ ಹಟ
ಬೆಳಗಿನ ಹಾಲು ಮುಗಿಯುವ ಮೊದಲೇ ಅವನಿಗೆ ಹತ್ತಿದ್ದನ್ನು?

ಕಳಚಿ ತಂದ ಸೂರಿನ ದೋಣಿ, ಎರಡು ತುಂಡು.
ಒಂದರ ತಲೆ ನಲ್ಲಿಯ ಕೆಳಗೆ,
ಇನ್ನೊಂದರ ಬಾಲ ಟೈರಿನ ಅಂಚಿಗೆ.
ನಲ್ಲಿ ತಿರುವಿದ. ನೀರು ಹೊರಟಿತು,
ನಡುದಾರಿಯಲ್ಲಿ ನಿಂತಿತು, ಏನೋ ಯೋಚಿಸಿತು,
ಬಂದ ದಾರಿಯಲ್ಲೇ ಹಿಂದೆ ಸರಿದು
ಅವನ ಗಂಬೂಟಿಗೆ ಇಳಿಯಿತು.

‘ಸೋಮಾರಿ ನೀರು!’ ಬೈದ.
ಸಲಿಕೆಯಿಂದ ಬಡಿದ. ಕೆನ್ನೆಯುಬ್ಬಿಸಿ ಊದಿದ.
ಕೊನೆಗೆ ಮಂಡಿಯೂರಿ
‘ಬಾ, ಬಾ, ಅಪ್ಪನ ಹಡಗು ಅಲ್ಲೇ ಇದೆ’ ಎಂದು
ನಾಯಿಮರಿಯನ್ನು ಕರೆಯುವ ದನಿಯಲ್ಲಿ ಕರೆದ.
ಅಪ್ಪ ಸಿಂಪಿ ಹಿಡಿಯಲು ಹೋಗಿ ನಾಲ್ಕು ದಿನ.

ನನಗೆ ಗೊತ್ತಿತ್ತು.
ಪಕ್ಕದಲ್ಲೇ ಬಿದ್ದಿತ್ತು ಇಟ್ಟಿಗೆ.
ನಲ್ಲಿಯ ಕಡೆ ಒಂದು ಇಟ್ಟಿಗೆ ಕೊಟ್ಟರೆ ಮುಗಿಯಿತು;
ನೀರಿಗೆ ಬೇಕಾದದ್ದು ಇಳಿಜಾರು, ಬೈಗುಳ ಅಲ್ಲ.
ಮಾತು ನಾಲಿಗೆಯ ತುದಿಯಲ್ಲಿ
ಉಗುಳಲಾರದ ಬೀಜವಾಗಿ ಕೂತಿತು.
ಏಪ್ರನ್ನಿನ ಒಂದೇ ಜೇಬಿಗೆ ಎರಡೂ ಕೈ ತುರುಕಿ
ಬೆರಳಿಗೆ ಬೆರಳು ಹೆಣೆದು ನಿಂತೆ.
ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ
ಇಷ್ಟು ಭಾರದ ಕೆಲಸ ಇನ್ನೊಂದಿಲ್ಲ.

ಬೇಲಿಯಾಚೆ ಅವನಜ್ಜಿ, ಪಾರೆಕುರ.
‘ಇವತ್ತೂ ಕೆಸರಾಟವೇ? ಹುಡುಗನಿಗೆ
ತನ್ನ ಹೆಸರು ಬರೆಯಲು ಬರುವುದಿಲ್ಲ.
ನೀನು ಕಲಿಸುವುದು ಯಾವಾಗ, ರೋಯಿಮಾತಾ?’

ನಮ್ಮ ಮಾಓರಿಯಲ್ಲಿ
ಕಲಿಯುವುದಕ್ಕೂ ಕಲಿಸುವುದಕ್ಕೂ ಒಂದೇ ಮಾತು: ಆಕೋ.
ಅದು ಅಜ್ಜಿಗೆ ನನಗಿಂತ ಚೆನ್ನಾಗಿ ಗೊತ್ತು.
ಗೊತ್ತಿದ್ದವರಿಗೂ ಮಂಗಳವಾರದ ಭಯ ಇದ್ದೇ ಇರುತ್ತದೆ.
‘ಒಳಗೆ ಬನ್ನಿ, ಚಹಾ ಇದೆ’ ಎಂದೆ.

ಅಷ್ಟರಲ್ಲಿ ಬಂದಳು ಫೆತೂ.
ಮೂರು ವರ್ಷ, ಸಮೋವಾದವರ ಮನೆ ಮಗು,
ಮಾತಿಗಿಂತ ಕೈ ಮುಂದು.
ಅವಳಿಗೆ ನೀರಿನ ಚಿಂತೆಯಿಲ್ಲ, ಒಲೆ ಬೇಕು.
ಕೆಸರಿನ ಕೇಕು ತುಂಬಿದ ಡಬ್ಬಿಯನ್ನು
ದೋಣಿಯ ತಲೆಯಡಿ ತಳ್ಳಿಯೇ ಬಿಟ್ಟಳು.
‘ಮುಟ್ಟಬೇಡ!’ ಅವನು ಕಿರುಚಿದ,
ಕಿರುಚಿದ ಬಾಯಿ ಹಾಗೇ ತೆರೆದಿತ್ತು.
ನೀರು ಓಡುತ್ತಿತ್ತು.

ಡಬ್ಬಿ ತೆಗೆದ. ನೀರು ನಿಂತಿತು.
ಇಟ್ಟ. ಓಡಿತು.
ತೆಗೆದ. ನಿಂತಿತು.
ಏಳು ಸಲ ಎಣಿಸಿದೆ; ಆಮೇಲೆ ಎಣಿಸಲಿಲ್ಲ.
‘ನನ್ನ ಕೇಕು ಬೇಯಬೇಕು’ ಎಂದು ಫೆತೂ
ಪ್ರತಿ ಸಲವೂ ಅತ್ತಳು.

ದೋಣಿಗಳು ಸೇರುವಲ್ಲಿ ಈಗ ಸೋರುತ್ತಿತ್ತು.
ಚಹಾ ಕೈಯಲ್ಲಿ ಹಿಡಿದ ಅಜ್ಜಿ ತಡೆಯಲಾರದೆ
‘ಇನ್ನೂ ಎತ್ತರಕ್ಕೆ! ಇಟ್ಟಿಗೆ ಇಡೋ, ಇಟ್ಟಿಗೆ!’
ಬೆಳಗಿನಿಂದ ನಾನು ನುಂಗಿದ್ದ ಮಾತು
ಅವರ ಬಾಯಿಂದ ಪಟಕ್ಕನೆ ಉದುರಿತು.
ಇಹಾಯ ತಲೆಯೆತ್ತಲಿಲ್ಲ.
‘ಸ್ವಲ್ಪ ತಡಿ ಅಜ್ಜಿ, ನೀರು ಏನು ಮಾಡುತ್ತೆ ನೋಡೋಣ.
ಇಲ್ಲಿ ಸೋರುತ್ತೆ, ಬಂದು ಕೈ ಕೊಡು.’

ಫಾರಂನಲ್ಲಿ ‘ಇಳಿಜಾರು’ ಎಂದು ಬರೆದೆ, ಹೊಡೆದುಹಾಕಿದೆ.
‘ತಾಳ್ಮೆ’ ಎಂದು ಬರೆದೆ; ಅದು ಯಾರದು?
ಹೊಡೆದುಹಾಕಿದೆ.
ಒಂದು ಸಾಲು ಉಳಿದಿದೆ.
ಹೀಟರಿನ ಮೇಲೆ ಮೂರು ಜೊತೆ ಕಾಲುಚೀಲ ಒಣಗುತ್ತಿವೆ.
ದೊಡ್ಡ ಜೊತೆ, ಬೂದು ಉಣ್ಣೆಯದು,
ಅಜ್ಜಿ ಮರೆತು ಹೋದದ್ದು.